ಅವ್ವನ ಮಿದುಳಿನ ಮೊಗ್ಗುಗಳು

ಬೆಳಿಗ್ಗೆ ಬೀದರಿನ ನನ್ನ ಮನೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹಳ್ಳು, ಕಲ್ಲು ಆರಿಸುತ್ತಿದ್ದೆ. ಭಾಲ್ಕಿಯಿಂದ ತಮ್ಮನ ಫೋನು ಬಂತು. ಅವ್ವ ಇರುವುದು ಅವನ ಹತ್ತಿರವೇ.

"ಅಕ್ಕಾ, ಅವ್ವ ಒಬ್ಬಾಕಿನೇ ಬಸ್ ಹತ್ತಿ ಔರಾದಿಗಿ ಹೋಗ್ಯಾಳ. 'ನಮ್ಮವ್ವ ಹಾದಿ ನೋಡ್ತಿರ್ತಾಳ, ಮನಿಗಿ ಹೊಂಟೀನಿ' ಅಂತಾಳಂತ."

ಔರಾದ ಅವ್ವನ ತವರು. ಆಕೆಯ ಅವ್ವ ತೀರಿಕೊಂಡದ್ದು ನನ್ನ ಮದುವೆಗೂ ಹಿಂದಿನ ಮಾತು. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಗುರುತಿನ ಅಂಗಡಿಯವರು ಅವ್ವನನ್ನು ಕೂರಿಸಿ, ಚಹಾ ಕುಡಿಸಿ, ತಮ್ಮನಿಗೆ ಫೋನು ಮಾಡಿದ್ದರು. ಎಲ್ಲೂ ಬಿದ್ದಿರಲಿಲ್ಲ, ಹಸಿದಿರಲಿಲ್ಲ. ಅಷ್ಟಕ್ಕೇ ದೇವರಿಗೆ ಕೈಮುಗಿದೆ.

ತಮ್ಮ ಆಕೆಯನ್ನು ನೇರ ಬೀದರಿಗೆ, ಮೊದಲಿನಿಂದ ತೋರಿಸುತ್ತಿದ್ದ ಡಾಕ್ಟರಮ್ಮನ ಹತ್ತಿರ ಕರೆತಂದ. ನಾನೂ ಹೋದೆ. ಅವರು ಹಾಳೆಯ ಮೇಲೆ ಒಂದು ಟೊಂಗೆ ಬರೆದರು.

"ನೋಡ್ರಿ ಅಕ್ಕಾರ, ಮಿದುಳಿನ ಕಣಕ್ಕ ಹಿಂಗ ಟೊಂಗಿ ಇರ್ತಾವ. ಟೊಂಗಿ ತುಂಬಾ ಮೊಗ್ಗಿನಂಥ ಸಣ್ಣ ಮುಳ್ಳು. ಡೆಂಡ್ರೈಟಿಕ್ ಸ್ಪೈನ್ ಅಂತಾರ. ತುದಿಗಿ ಗುಂಡು ತಲಿ, ಕೆಳಗ ಸಪೂರ ಕುತ್ತಿಗಿ. ಬಾಜೂ ಕಣ ಕಳಿಸಿದ ಸುದ್ದಿ ಈ ತಲಿ ಹಿಡೀತದ. ಮತ್ತ ಮತ್ತ ನೆನಸಿದ್ರ ದಪ್ಪಾಗಿ ಗಟ್ಟಿ ನಿಂದರ್ತದ. ಈ ಮರೆವಿನ ಬ್ಯಾನ್ಯಾಗ ಅವು ಉದುರ್ತಾವ್ರಿ."

"ತಿರುಗಿ ಚಿಗಿಯಂಗಿಲ್ಲೇನ್ರಿ?"

"ಚಿಗೀತಾವ್ರಿ. ಆದ್ರ ಇವರಿಗಿ ಚಿಗಿಯೂದಕ್ಕಿಂತ ಉದುರೂದೇ ಜಾಸ್ತಿ ಆಗ್ಯಾದ."

"ಮತ್ತ ಔರಾದ ಹ್ಯಾಂಗ ನೆನಪದ?"

"ಸಣ್ಣಾಕಿ ಇದ್ದಾಗಿಂದ ನೆನಸಿದ್ದಲ್ಲೇನ್ರಿ. ಹಳೇದು ಲಗೂನ ಅಳಿಯಂಗಿಲ್ಲ. ಈಚಿಂದು ಮೊದಲ ಹೋಗ್ತದ."

ಅವ್ವನ ಬದುಕಿನಲ್ಲಿ ನಾನು ಔರಾದಿಗಿಂತ ಈಚಿನವಳು. ಅದು ಅವತ್ತು ಹೊಳೆಯಿತು. ನನ್ನ ಮೊಗ್ಗು ಇನ್ನೂ ಟೊಂಗೆಯ ಮೇಲಿದೆಯೋ ಇಲ್ಲವೋ ಎಂದು ಆಟೋದಲ್ಲಿ ಅವಳ ಮುಖವನ್ನೇ ನೋಡುತ್ತ ಬಂದೆ. ಕೇಳುವ ಧೈರ್ಯ ಬರಲಿಲ್ಲ.

ನನ್ನ ಮನೆಗೆ ಬಂದು ಕೈಕಾಲು ತೊಳೆದು ಅವ್ವ ಲಿಂಗಪೂಜೆಗೆ ಕುಳಿತಳು. ಪೂಜೆ ಮುಗಿದ ಮೇಲೆ ಎದುರು ಕೂತ ಮಕ್ಕಳ ಹಣೆಗೆ ವಿಭೂತಿ ಹಚ್ಚಿ, "ಸುಖವಾಗಿರು, ನನ್ನ ಕೂಸ" ಅನ್ನುವುದು ಅವಳ ರೂಢಿ. ನಾನು ಹೋಗಿ ಎದುರು ಕೂತೆ. ಮೂರು ಬೆರಳು ಅದ್ದಿ ಹಣೆಗೆ ಎಳೆದಳು. ಆಮೇಲೆ ನನ್ನ ಮುಖ ನೋಡಿದಳು.

"ಯಾರ ಮನಿಯಾಕಿ ಇದ್ದೀಯವಾ?"

ತಮ್ಮ ನಗಲು ನೋಡಿದ. "ಇಕಿ ನಿನ್ನ ಮಗಳಲ್ಲೇನಬೇ? ನನಗ ಹೊಡದು ಹೊಡದು ಬೆಳಸಿದಾಕಿ!"

"ಹುಚ್ಚಪ್ಪ! ನನ್ನ ಮಗಳು ಇನ್ನಾ ಸಣ್ಣಾಕಿ. ಸಾಲಿಗಿ ಹೋಗ್ಯಾಳ." ಅವ್ವ ನನ್ನ ಮೊಣಕಾಲು ತಟ್ಟಿದಳು. "ಆಕಿ ಬರೂತನಕ ಕೂಡವಾ. ಉಣ್ಣದ ಹೋಗಬ್ಯಾಡ."

ತಮ್ಮ ಎದ್ದು ಹೊರಗೆ ಹೋದ. ನಾನು ಅಲ್ಲೇ ಕೂತಿದ್ದೆ. ನನ್ನನ್ನು ಮರೆತರೂ ಮಗಳನ್ನು ಮರೆತಿಲ್ಲ. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದನ್ನೂ ಕಲಿತಿಲ್ಲ. ಇಷ್ಟಾದರೂ ಉಳಿಸಿದೆಯಲ್ಲಪ್ಪ ದೇವರೇ ಎಂದುಕೊಂಡೆ. ಕಣ್ಣೀರು ಮಾತ್ರ ನಿಲ್ಲಲಿಲ್ಲ.

"ಆತವಾ, ಉಂಡೇ ಹೋಗ್ತೇನಿ" ಎಂದೆ.

ಬೆಳಗಿನ ಬೇಳೆ ಮೊರದಲ್ಲಿ ಹಾಗೇ ಇತ್ತು. ಉಳಿದ ಹಳ್ಳು ಆರಿಸಿ, ತೊಳೆದು, ಒಲೆಗೆ ಇಟ್ಟೆ.