ಸಮುದ್ರ ಕಾಣುವ ಕೋಣೆ

ಜಟ್ಟೆಮ್ಮ ಸುರಪುರದ ಕಡೆಯವಳು. ಗಂಡನ ಜೊತೆ ಗಾರೆ ಕೆಲಸಕ್ಕೆಂದು ಬಂದು ಜೋಗುಪಾಳ್ಯದ ಬಾಡಿಗೆ ಕೋಣೆಯಲ್ಲಿ ನೆಲೆಯೂರಿದಳು. ಇಂದಿರಾನಗರದಲ್ಲಿ ಎದ್ದ ಎಷ್ಟೋ ಮನೆಗಳಿಗೆ ಮರಳು ಹೊತ್ತಳು. ಗಂಡ ತೀರಿಕೊಂಡ ಮೇಲೂ ಕೆಲಸ ಬಿಡಲಿಲ್ಲ.

ತೊಂಬತ್ತೆಂಟರ ಚಳಿಗಾಲದಲ್ಲಿ, ಅವಳ ಜೊತೆ ದುಡಿಯುತ್ತಿದ್ದ ಹುಸೇನಮ್ಮ ಹರಕೆ ತೀರಿಸಲು ಸದಾಶಿವಗಡದ ದರ್ಗಾಕ್ಕೆ ಹೊರಟಳು. ಅದಿರುವುದು ಕಾರವಾರದ ಕೊಲ್ಲಿಯ ಬದಿಯಲ್ಲೇ ಎಂದು ತಿಳಿದದ್ದೇ ತಡ, ಜಟ್ಟೆಮ್ಮನೂ ಸೀರೆ ಮಡಚಿಟ್ಟುಕೊಂಡಳು. ಅವಳು ಸಮುದ್ರ ಕಂಡವಳಲ್ಲ.

ಅದೇ ಓಣಿಯಲ್ಲಿದ್ದ ಮೈದುನ ಪೀರಪ್ಪನಿಗೆ ಸಿಟ್ಟು ಬಂತು. “ವೈನಿ, ಗಂಡ ಸತ್ತಾಕಿ ಹಿಂಗ ತಿರುಗಿದ್ರ ಮಂದಿ ಏನಂತಾರ?”

“ಮರಳು ಹೊರುವಾಗ ಯಾವ ಮಂದೀನೂ ಏನೂ ಅನ್ಲಿಲ್ಲ. ಅತ್ತಾಗ ಸರಿ.”

ಕಾರವಾರದಲ್ಲಿ ಬಸ್ಸಿಳಿದು ಲಾಡ್ಜಿಗೆ ಹೋದರೆ ಮೇನೇಜರ್ ಅಡ್ಡಡ್ಡ ತಲೆಯಾಡಿಸಿದ. “ಗಂಡಸ್ರು ಜೊತೆಗಿಲ್ದೆ ರೂಮ್ ಕೊಡೂದಿಲ್ಲ.”

ಹುಸೇನಮ್ಮ ಹಿಂದೆ ಸರಿದಳು. ಜಟ್ಟೆಮ್ಮ ಮಾತ್ರ ಲಾಡ್ಜಿನ ಮೆಟ್ಟಿಲ ಮೇಲೆ ಕಂಬಳಿ ಹಾಸಿ, ರೊಟ್ಟಿ ಗಂಟು ಬಿಚ್ಚಿ ಕುಳಿತುಬಿಟ್ಟಳು. ಹೋಗಿ ಬರುವವರೆಲ್ಲ ನಿಂತು ನೋಡತೊಡಗಿದರು. ಪೊಲೀಸರನ್ನು ಕರೆಯುತ್ತೇನೆಂದು ಮೇನೇಜರ್ ಹೆದರಿಸಿದ.

“ಕರೀರಿ. ಹೆಂಗಸ್ರು ಅಂತ ಜಾಗ ಕೊಡಂಗಿಲ್ಲ ಅನ್ನೂದು ಅವ್ರ ಮುಂದೂ ಹೇಳ್ರಿ.”

ಮಂದಿ ಹೆಚ್ಚಾದಂತೆ ಅವನು ಮೆತ್ತಗಾದ. ಹಿಂದಿನ ಕೋಣೆಯ ಕೀಲಿ ಚಾಚಿದ. ಜಟ್ಟೆಮ್ಮ ಅದನ್ನು ಮುಟ್ಟಲಿಲ್ಲ.

“ಸಮುದ್ರ ಕಾಣೂದು ಕೊಡ್ರಿ. ಅದಕ್ಕಂತ್ಲೇ ಬಂದೀವಿ.”

ಆ ಕೋಣೆ ಸಿಕ್ಕಿದ್ದೇ ಅವಳು ಕಿಟಕಿಯನ್ನು ಪೂರ್ತಿ ತೆರೆದಳು. ಗುಡ್ಡಗಳ ತೋಳಿನೊಳಗೆ ನೀರು, ಅದರಲ್ಲಿ ದ್ವೀಪಗಳು, ಮೀನು ದೋಣಿಗಳು. ಮರುದಿನ ಕಾಳಿ ನದಿಯ ಸೇತುವೆ ದಾಟಿ ಸದಾಶಿವಗಡಕ್ಕೆ ಹೋದರು. ಒಬ್ಬಳ ಹರಕೆ ದರ್ಗಾದಲ್ಲಿ ತೀರಿತು, ಇನ್ನೊಬ್ಬಳು ಕೋಟೆಯ ದುರ್ಗೆಗೆ ಕಾಯಿ ಒಡೆಸಿದಳು. ಕೂರ್ಮಗಡ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಹುಸೇನಮ್ಮ ಕಣ್ಣು ಮುಚ್ಚಿಕೊಂಡು ಅಲ್ಲಾಹುವನ್ನು ನೆನೆಯುತ್ತಿದ್ದರೆ, ಜಟ್ಟೆಮ್ಮ ಮುಂದಿನ ತುದಿಯಲ್ಲಿ ಕುಳಿತು ಉಪ್ಪುನೀರಲ್ಲಿ ಮುಖ ತೋಯಿಸಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ದೋಣಿಯವನಿಗೆ ತಿಳಿಯಲಿಲ್ಲ.

ಜೋಗುಪಾಳ್ಯಕ್ಕೆ ಮರಳಿದ ಮೇಲೆ ಪೀರಪ್ಪ ತಿಂಗಳುಗಟ್ಟಲೆ ಮಾತು ಬಿಟ್ಟ. ಮರುವರ್ಷ ಅವನ ಹೆಂಡತಿ ಗಂಗಾಳೇ ಜಟ್ಟೆಮ್ಮನ ಜೊತೆ ಬಸ್ಸು ಹತ್ತಿದಳು. ಆಮೇಲೆ ಚಳಿಗಾಲ ಬಂತೆಂದರೆ ಓಣಿಯ ಹೆಂಗಸರು ಜಟ್ಟೆಮ್ಮನ ಮನೆ ಹುಡುಕಿ ಬರುವಂತಾಯಿತು.

ಸೊಂಟ ಸೋತಾಗ ಅವಳು ನೂರಡಿ ರಸ್ತೆಯ ಆಫೀಸೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ರಜೆ ಕೇಳಿದರೆ ಅಲ್ಲಿಯ ಸಾಹೇಬರು, “ಯಾರಿಗಮ್ಮಾ ಹುಷಾರಿಲ್ಲ?” ಎನ್ನುತ್ತಿದ್ದರು.

“ಎಲ್ಲಾರೂ ಆರಾಮ್ ಅದಾರ್ರಿ,” ಎನ್ನುತ್ತಿದ್ದಳು ಜಟ್ಟೆಮ್ಮ. “ನಾ ಸಮುದ್ರ ನೋಡಾಕ ಹೊಂಟೀನಿ.”