ಸೆರಗು ಹೇಳಿದ ಗಾಳಿ

ಟಿಕ್, ಟಿಕ್, ಟಿಕ್, ಟಿಕ್. ಹೆಲಿಕಾಪ್ಟರ್ ಎಂದರೆ ಎಲ್ಲರಿಗೂ ರೆಕ್ಕೆಯ ಗದ್ದಲ ನೆನಪಾಗುತ್ತದೆ. ನನಗೆ ನೆನಪಾಗುವುದು ಅದಕ್ಕೂ ಮೊದಲಿನ ಈ ಸಣ್ಣ ಸದ್ದು. ಎಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಇಗ್ನೈಟರ್ ಹೀಗೆ ಬಡಿದುಕೊಳ್ಳುತ್ತದೆ, ಥೇಟ್ ನಮ್ಮ ಗ್ಯಾಸ್ ಲೈಟರಿನ ಹಾಗೆ. ಆಮೇಲೆ ಸಿಳ್ಳು, ಆಮೇಲೆ ಧೂಳು, ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

1997ರಲ್ಲಿ ನಾನು ಪುಣೆಯ ಒಂದು ಚಿಕ್ಕ ಚಾರ್ಟರ್ ಕಂಪನಿಯಲ್ಲಿ ಆಪರೇಷನ್ಸ್ ಆಫೀಸರ್ ಆಗಿದ್ದೆ. ಡೆಸಿಗ್ನೇಷನ್ ದೊಡ್ಡದು. ಕೆಲಸವೆಂದರೆ ಪರ್ಮಿಷನ್ ತರುವುದು, ಇಂಧನದ ಲಾರಿ ಕಳಿಸುವುದು, ಇಳಿಯುವ ಜಾಗ ನೋಡಿ ಬರುವುದು, ನೆಲದ ಮೇಲೆ ನಿಂತು ರೇಡಿಯೋದಲ್ಲಿ ಪೈಲಟ್ ಜೊತೆ ಮಾತಾಡುವುದು. ಚುನಾವಣೆ ಬಂದರೆ ಮುಖಂಡರು, ಇಲ್ಲದಿದ್ದರೆ ಸಿನಿಮಾದವರು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ನನಗೆ ಆ ಕುರ್ಚಿ ಕೊಡಿಸಿತ್ತು.

ಸಿನಿಮಾ ಹಾರಾಟವೆಲ್ಲ ಕ್ಯಾಪ್ಟನ್ ಗಲಗಲಿಯವರದು. ಧಾರವಾಡದವರು, ಸೈನ್ಯದಿಂದ ನಿವೃತ್ತರಾದವರು, ಪೊದೆ ಮೀಸೆ. ಎಲ್ಲರ ಸ್ಪೆಲಿಂಗ್ ತಿದ್ದುತ್ತೇನೆಂದು ನನ್ನನ್ನು “ಅಕ್ಕೋರ” ಎಂದು ಕರೆಯುತ್ತಿದ್ದರು. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಹಾಗೆನ್ನುತ್ತಾರೆ.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಬೆಳೆದಿತ್ತು. ವಿಮಾನ ನಿಲ್ದಾಣದಲ್ಲಿ ಗಾಳಿಯ ದಿಕ್ಕು ತೋರಿಸಲು ವಿಂಡ್‌ಸಾಕ್ ಇರುತ್ತದೆ. ಅದೊಂದು ಬಟ್ಟೆಯ ಚೀಲ, ಕಂಬದ ಮೇಲೆ ಹಾರಾಡುವಂಥದ್ದು. ಶೂಟಿಂಗ್ ಜಾಗದಲ್ಲಿ ಅದೆಲ್ಲಿಂದ ಬರಬೇಕು? ನನ್ನ ಹಳೆಯ ಕೆಂಪು ನೈಲಾನ್ ಸೀರೆಯನ್ನು ತೋಳಿನಂತೆ ಹೊಲಿದು ಬಿದಿರಿಗೆ ಕಟ್ಟುತ್ತಿದ್ದೆ. ರೇಡಿಯೋದಲ್ಲಿ ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು. ಡೈರೆಕ್ಟರ್ ಕಡೆಯವರಿಗೂ ಸ್ಪೀಕರಿನಲ್ಲಿ ಎಲ್ಲ ಕೇಳಿಸುತ್ತಿತ್ತು, ಅರ್ಥವಾದರೆ ನಡುವೆ ಬಾಯಿ ಹಾಕುತ್ತಾರೆ ಎಂದು. ಮೂರೇ ಮಾತು. “ಸೆರಗು ಮಲಗ್ಯದ” ಎಂದರೆ ಗಾಳಿ ಇಲ್ಲ. “ಎದುರಿಗದ” ಎಂದರೆ ಗಾಳಿ ಮುಖಕ್ಕಿದೆ, ಬನ್ನಿ. “ಬೆನ್ನಿಗದ” ಎಂದರೆ ಬರಬೇಡಿ. ನಿಧಾನಕ್ಕೆ ತೇಲುತ್ತಿರುವ ಹೆಲಿಕಾಪ್ಟರಿಗೆ ಹಿಂದಿನಿಂದ ಗಾಳಿ ಹೊಡೆದರೆ ಬಾಲ ತಿರುಗುತ್ತದೆ, ಎತ್ತುವ ಬಲ ಸಾಲುವುದಿಲ್ಲ. ಬಿಸಿಲಿನ ದಿನ ಗಾಳಿ ತೆಳುವಾಗಿರುವುದರಿಂದ ಇನ್ನೂ ಕಷ್ಟ.

ಆ ಮಾರ್ಚಿನಲ್ಲಿ ಪುಣೆಯ ಹತ್ತಿರ ಶಿರೂರಿನ ದಾರಿಯಲ್ಲಿ ಒಂದು ಪಾಳುಬಿದ್ದ ಕಲ್ಲುಗಣಿಯಲ್ಲಿ ಹಿಂದಿ ಸಿನಿಮಾದ ಶೂಟಿಂಗ್ ಇತ್ತು. ಕ್ಯಾಪ್ಟನ್ನರ ಕಾಂಟ್ರ್ಯಾಕ್ಟ್ ಅದೇ ತಿಂಗಳು ಮುಗಿಯುತ್ತಿತ್ತು. ಅದನ್ನು ಮುಂದುವರಿಸುವುದು ಈ ಸಿನಿಮಾ ಹೇಗಾಗುತ್ತದೆ ಎಂಬುದರ ಮೇಲೆ ಎಂದು ಮಾಲೀಕರು ಬಾಯಿಬಿಟ್ಟೇ ಹೇಳಿದ್ದರು. ಆ ವಯಸ್ಸಿನಲ್ಲಿ ಇನ್ನೊಂದು ಕಂಪನಿ ಯಾರನ್ನು ತೆಗೆದುಕೊಳ್ಳುತ್ತದೆ?

ಶಾಟ್ ಹೀಗೆ: ಗಣಿಯ ಅಂಚಿನಲ್ಲಿ ಒಂದು ಬಸ್ಸು, ಅದರ ತಲೆಯ ಮೇಲೆ ಹೀರೋನ ಬದಲು ಸ್ಟಂಟ್‌ಮನ್ ಯೂಸುಫ್. ಹೆಲಿಕಾಪ್ಟರ್ ನಡಿಗೆಯ ವೇಗದಲ್ಲಿ ಅಂಚಿಗೆ ಬರಬೇಕು, ಯೂಸುಫ್ ಅದರ ಸ್ಕಿಡ್ ಹಿಡಿದು ನೇತಾಡಬೇಕು. ಸ್ಕಿಡ್ ಎಂದರೆ ಕೆಳಗಿನ ಕಾಲುಕೊಳವೆ. ಕಥೆಯಲ್ಲಿ ಹೆಲಿಕಾಪ್ಟರ್ ಹಾರಿಸುವವಳು ಹೀರೋಯಿನ್. ಆದ್ದರಿಂದ ಕ್ಯಾಪ್ಟನ್ನರಿಗೆ ಉದ್ದ ಕೂದಲಿನ ವಿಗ್. ದುಪಟ್ಟಾ ಮಾತ್ರ ಬೇಡವೆಂದು ನಾನು ಹಟ ಹಿಡಿದೆ, ಕಂಟ್ರೋಲುಗಳ ನಡುವೆ ಸಡಿಲು ಬಟ್ಟೆ ಇರಕೂಡದು.

ವಿಗ್‌ಗೆ ನಾನೇ ಪಿನ್ ಚುಚ್ಚಿದೆ. “ಅಕ್ಕೋರ, ನಮ್ಮ ಮನ್ಯಾಗ ಹೇಳಬ್ಯಾಡ್ರಿ ಮತ್ತ,” ಎಂದರು.

“ಮೀಸಿ ಒಂದು ತೆಗದ್ರ ಭಾಳ ಛಂದ ಕಾಣ್ತೀರಿ.”

“ಮೀಸಿ ಕಾಂಟ್ರ್ಯಾಕ್ಟ್‌ನ್ಯಾಗ ಇಲ್ರಿ,” ಎಂದು ನಕ್ಕು ಹತ್ತಿ ಕುಳಿತರು. ಟಿಕ್, ಟಿಕ್, ಟಿಕ್.

ಯಂತ್ರ ಮೇಲೆದ್ದು ಸುತ್ತು ಹಾಕುತ್ತಿದ್ದಾಗಲೇ ಡೈರೆಕ್ಟರ್ ಕೂಗಿದರು: “ಮ್ಯಾಡಮ್, ಫ್ರೇಮ್ ಮೇ ಲಾಲ್ ಆ ರಹಾ ಹೈ! ಹಟಾಓ ಉಸಕೋ!” ಫ್ರೇಮಿನಲ್ಲಿ ಕೆಂಪು ಕಾಣುತ್ತಿದೆಯೆಂದು ಯಾರೋ ನನ್ನ ಬಿದಿರನ್ನು ಕಿತ್ತು ಮಲಗಿಸಿದರು. ಕ್ಯಾಮೆರಾದ ಹಿಂದೆ ನೆಟ್ಟರೆ ಏನು ಪ್ರಯೋಜನ? ಅಲ್ಲಿ ವ್ಯಾನುಗಳು ಅಡ್ಡ. ಅಂಚಿನ ಗಾಳಿಯನ್ನು ಅಂಚೇ ಹೇಳಬೇಕು. ಬಸ್ಸಿನಿಂದ ತುಸು ಹಿಂದೆ ಕ್ಯಾಮೆರಾಗೆ ಕಾಣದ ಒಂದು ಮೂಲೆಯಿತ್ತು. ಅಲ್ಲಿ ಹೋಗಿ ನಿಂತೆ, ಭುಜದ ಪಿನ್ ತೆಗೆದೆ, ಉಟ್ಟಿದ್ದ ಜಾರ್ಜೆಟ್ ಸೀರೆಯ ಸೆರಗನ್ನು ಒಂದು ಕೈಯಲ್ಲಿ ಎತ್ತಿ ಹಿಡಿದೆ, ಇನ್ನೊಂದರಲ್ಲಿ ರೇಡಿಯೋ.

“ಕಂಬ ಎಲ್ಲಿ ಹೋತ್ರಿ?” ಮೇಲಿನಿಂದ ಕೇಳಿದರು.

“ತಗದ್ರು. ನಂದ ಸೆರಗು ಹಿಡಕೊಂಡು ನಿಂತೇನಿ. ಎದುರಿಗದ.”

“ಆತು, ಬಂದೆ.”

ಬಂದರು. ನನ್ನ ಹಿಂದಿನಿಂದ ಪಕ್ಕದಲ್ಲೇ ದಾಟಿ ಬಸ್ಸಿನತ್ತ ತೇಲಿದರು. ಯೂಸುಫ್ ಎರಡೂ ಕೈ ಮೇಲೆತ್ತಿದ. ಬಸ್ಸಿನಿಂದ ಒಂದೆರಡು ಮಾರು ದೂರವಿರಬೇಕು, ನನ್ನ ಸೆರಗು ಒಮ್ಮೆ ಸೋತು ಕೆಳಗೆ ಬಿತ್ತು. ಮರುಕ್ಷಣ ಪಟ್ಟನೆ ಹಿಂದಿನಿಂದ ಬಂದು ನನ್ನ ಮುಖವನ್ನೇ ಮುಚ್ಚಿತು. ರೆಕ್ಕೆಯ ಗಾಳಿ ನೆಲಕ್ಕೆ ಬಡಿದು ಹೊರಕ್ಕೆ ತಳ್ಳುತ್ತದೆ, ಅದು ನನಗೆ ಗೊತ್ತಿತ್ತು. ಅದು ಎದುರಿನಿಂದ ಬರಬೇಕಿತ್ತು, ಇದು ಆ ಕಡೆಯದಲ್ಲ. ಬಟ್ಟೆಯೊಳಗಿಂದಲೇ ಹೇಳಿದೆ: “ಬೆನ್ನಿಗದ. ಬರಬ್ಯಾಡ್ರಿ.”

ಅವರು ಮರುಮಾತು ಕೇಳಲಿಲ್ಲ. ಮೂಗು ವಾಲಿಸಿ ಗಣಿಯ ಮೇಲಿಂದ ಪಕ್ಕಕ್ಕೆ ಸರಿದು ಹೋದರು. ಸೆರಗು ಸರಿಸಿ ನೋಡಿದಾಗ ಯೂಸುಫನ ಕೈಗಳು ಇನ್ನೂ ಮೇಲೇ ಇದ್ದವು, ಖಾಲಿ.

ಒನ್ ಮೋರ್, ಒನ್ ಮೋರ್ ಎಂದು ಡೈರೆಕ್ಟರ್ ಅರಚುತ್ತಿದ್ದರು. ಸಂಜೆಯ ಹೊಂಬಣ್ಣದ ಬೆಳಕು ಹೋಗುತ್ತಿತ್ತು. ಕ್ಯಾಪ್ಟನ್ ಮತ್ತೆ ಕೇಳಿದರು, “ಏನಂತದ್ರಿ ಸೆರಗು?”

“ಇನ್ನೂ ಬೆನ್ನಿಗೇ ಅದ.”

“ಹಂಗಾದ್ರ ಇಲ್ಲ,” ಎಂದು ದೂರದ ಬಯಲಿನಲ್ಲಿ ಇಳಿಸಿದರು.

ಮಾಲೀಕರು ಅಲ್ಲೇ ಇದ್ದರು. ವಿಗ್ ಹಾಕಿಕೊಂಡೇ ನಡೆದು ಬಂದ ಕ್ಯಾಪ್ಟನ್ನರನ್ನು ಎಲ್ಲರೆದುರು ಮರಾಠಿಯಲ್ಲಿ ಕೇಳಿದರು, ಒಬ್ಬ ಹೆಂಗಸಿನ ಸೆರಗು ನೋಡಿ ಹೆಲಿಕಾಪ್ಟರ್ ನಡೆಸುತ್ತೀರಾ? “ಪದರಾವರ್?” ಸೆರಗಿನ ಮೇಲೆಯೇ, ಎಂದು ಇನ್ನೊಮ್ಮೆ ಕೇಳಿದರು. ಯೂನಿಟ್ಟಿನವರು ನಕ್ಕರು.

“ಹೋ,” ಹೌದು ಎಂದರು ಕ್ಯಾಪ್ಟನ್, ಮರಾಠಿಯಲ್ಲೇ. ಅಷ್ಟೇ.

ನಾಳೆ ಬೆಳಿಗ್ಗೆ ಗಾಳಿ ಮಲಗಿರುತ್ತದೆ, ಆಗ ಮಾಡೋಣ ಎಂದು ನಾನು ಹೇಳಿ ನೋಡಿದೆ. ಡೈರೆಕ್ಟರಿಗೆ ಸಂಜೆಯ ಬೆಳಕೇ ಬೇಕಿತ್ತು. ನನಗೆ ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ. ಬಿದಿರಿನಿಂದ ಸೀರೆ ಬಿಚ್ಚಿ, ಮಡಚಿ, ಪರ್ಸಿನಲ್ಲಿ ಇಟ್ಟುಕೊಂಡೆ. ಕ್ಯಾಪ್ಟನ್ ವಿಗ್ಗಿನ ಪಿನ್ನುಗಳನ್ನು ಒಂದೊಂದಾಗಿ ನನ್ನ ಅಂಗೈಗೆ ಹಾಕಿದರು.

ಅದೇ ವಾರ ಮುಂಬಯಿಯಿಂದ ಬೇರೆ ಕಂಪನಿಯ ಪೈಲಟ್ ಬಂದು ಅದೇ ಜಾಗದಲ್ಲಿ ಸಂಜೆಯೇ ಶಾಟ್ ಮುಗಿಸಿ ಹೋದರಂತೆ. ಒಂದೇ ಟೇಕ್. ಆ ಸಂಜೆ ಗಾಳಿ ಯಾವ ಕಡೆಗಿತ್ತು, ನನಗೆ ಗೊತ್ತಿಲ್ಲ. ಅಲ್ಲಿ ಸೆರಗು ಹಿಡಿದು ಯಾರೂ ನಿಂತಿರಲಿಲ್ಲ. ಸಿನಿಮಾ ಬಂತು, ಆ ಜಾಗದಲ್ಲಿ ಜನ ಸಿಳ್ಳೆ ಹೊಡೆದರು, ನಾನು ಥಿಯೇಟರಿನಲ್ಲಿ ಕುಳಿತು ಪಾಪ್‌ಕಾರ್ನ್ ತಿಂದೆ. ಕ್ಯಾಪ್ಟನ್ನರ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಅವರು ಮತ್ತೆ ಹಾರಲಿಲ್ಲ. ನಾನು ಅದೇ ಕುರ್ಚಿಯಲ್ಲಿ ಇನ್ನೂ ಏಳು ವರ್ಷ ಕೆಲಸ ಮಾಡಿದೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಆದ ಅಪಘಾತಕ್ಕೆ ಎನ್‌ಕ್ವೈರಿ ಇರುತ್ತದೆ, ಫೋಟೋ ಇರುತ್ತದೆ, ಸಾಕ್ಷಿ ಇರುತ್ತದೆ. ಆಗದೇ ಹೋದದ್ದಕ್ಕೆ ಏನೂ ಇಲ್ಲ. ಅದನ್ನು ತಪ್ಪಿಸಿದೆ ಎಂದು ಹೇಳಿಕೊಳ್ಳುವವರನ್ನು ನಂಬಬೇಕಾದ ಅಗತ್ಯ ಯಾರಿಗೂ ಇರುವುದಿಲ್ಲ. ಆದರೂ ಹೇಳಬೇಕಾದ ಹೊತ್ತಿಗೆ ಹೇಳಲೇಬೇಕು.

2005ರಲ್ಲಿ ಪುಣೆಯ ಬಿಬವೇವಾಡಿ ಮಾರ್ಕೆಟ್ಟಿನಲ್ಲಿ ಅವರು ಸಿಕ್ಕರು. ಮೀಸೆ ಬಿಳಿಯಾಗಿತ್ತು, ಕೈಯಲ್ಲಿ ಮೆಂತ್ಯ ಸೊಪ್ಪಿನ ಚೀಲ.

“ಅಕ್ಕೋರ, ಆ ಪಿಕ್ಚರ್ ಟಿವಿಯೊಳಗ ಬಂದಿತ್ರಿ. ಅಜ್ಜಾ, ಇದನ್ನ ನೀ ಯಾಕ ಮಾಡ್ಲಿಲ್ಲ ಅಂತ ಮೊಮ್ಮಗ ಕೇಳಿದ.”

“ಏನಂದ್ರಿ?”

“ಬೆನ್ನಿಗಿತ್ತು ಅಂದೆ. ಅವಗೇನ್ ತಿಳೀತದ.”

ನಿಜಕ್ಕೂ ಬೆನ್ನಿಗಿತ್ತೇ ಎಂದು ಅವರು ಕೇಳುತ್ತಾರೆಂದು ಕಾದೆ. ಎಂಟು ವರ್ಷದಿಂದ ಉತ್ತರ ತಯಾರಿತ್ತು. ಅವರು ಕೇಳಲಿಲ್ಲ. ರಸ್ತೆಯಲ್ಲಿ ರಿಕ್ಷಾಗಳು ಒಂದರ ಹಿಂದೊಂದು ಬರುತ್ತಿದ್ದವು. ಸ್ವಲ್ಪ ಹೊತ್ತಿಗೆ ದಾರಿ ಖಾಲಿಯಾಯಿತು. ಅವರು ರಸ್ತೆ ನೋಡಲಿಲ್ಲ, ನನ್ನ ಭುಜದ ಮೇಲಿನ ಸೆರಗಿನ ಕಡೆ ನೋಡಿದರು.

“ಮಲಗ್ಯದ,” ಎಂದು ಹೇಳಿ ದಾಟಿಹೋದರು.