ದಿಂಡಿಗಲ್ ಬೀಗ ಕೊಟ್ಟವಳು

ನನ್ನ ಹೆಂಡತಿ ಪದ್ಮಾಕ್ಷಿಯ ಬಾಯಿಂದ ಇನ್ನೊಬ್ಬರ ಗುಟ್ಟು ಹೊರಡಿಸೋದು ಮೂವತ್ತೆಂಟು ವರ್ಷದಲ್ಲಿ ನನ್ನ ಕೈಲಿ ಆಗಲಿಲ್ಲ. ಕೊಯಮತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಊರಿನ ಅರ್ಧ ಜಗಳ, ಅರ್ಧ ಮದುವೆ ಮಾತುಕತೆ ಅವಳ ಕಿವಿಯಲ್ಲೇ ಹಾದುಹೋಗಿವೆ. ಮನೆಗೆ ಬಂದು ಒಂದಾದರೂ ಹೇಳಬೇಕಲ್ಲ? ಊಹೂಂ! ನಾನೋ ಪಂಪ್ ಫ್ಯಾಕ್ಟರಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದವನು, ಕ್ಯಾಂಟೀನಿನಲ್ಲಿ ಕೇಳಿದ್ದನ್ನೆಲ್ಲ ಬಂದು ಒದರಿಬಿಡ್ತಿದ್ದೆ. ಅವಳು ನಕ್ಕು ಸಾರಿಗೆ ಒಗ್ಗರಣೆ ಹಾಕೋಳು.

ರಿಟೈರಾಗಿ ಪೆರಿಯನಾಯಕನಪಾಳ್ಯಂನಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದಾಗ ನಿವೇತಾ ಅನ್ನೋ ಹುಡುಗಿ ಹುಡುಕಿಕೊಂಡು ಬಂದಳು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕೆಲಸ ಮಾಡೋರು ಕಷ್ಟ ಹೇಳಿಕೊಳ್ಳೋಕೆ ಒಂದು ಫೋನ್ ನಂಬರ್ ಇದೆ, ಅದನ್ನ ನಡೆಸೋ ಸಂಸ್ಥೆಯವಳು. ಸರ್ಕಾರದ್ದಲ್ಲ. ಯುರೋಪಿನ ಇನ್ನೊಂದು ಸಂಸ್ಥೆ ಜೊತೆ ಸೇರಿಕೊಂಡು ಮಾಡ್ತಾರೆ. ಈಚೆಗೆ ರಾಯಚೂರು ಕಡೆ ಹುಡುಗಿಯರು ಹೊಲಿಗೆಗೆ ಬರ್ತಿದ್ದಾರೆ, ಕನ್ನಡ ಬಲ್ಲವರು ಒಬ್ಬರು ಬೇಕು ಅಂದಳು. ನಮ್ಮ ಕನ್ನಡ ಮನೆಯೊಳಗಿನದು, ಅರ್ಧ ತಮಿಳು. ಕನ್ನಡ ಓದೋಕೆ ಬರೆಯೋಕೆ ಇಬ್ಬರಿಗೂ ಬರಲ್ಲ, ಅದಕ್ಕೆಲ್ಲ ತಮಿಳೇ. "ಕೇಳೋಕೆ ಬಂದರೆ ಸಾಕಮ್ಮ," ಅಂದಳು ನಿವೇತಾ. ಮಾರನೇ ದಿನವೇ ಇವಳು ಗರಿಗರಿ ಸೀರೆ ಉಟ್ಟು ಬಸ್ ಹತ್ತಿಬಿಟ್ಟಳು. ಹತ್ತು ವರ್ಷ ಚಿಕ್ಕವಳಾದ ಹಾಗಿದ್ದಳು, ಯಾಕೆ ಮುಚ್ಚಿಡಲಿ, ನನಗೆ ಹೊಟ್ಟೆಕಿಚ್ಚು ಆಗಿತ್ತು.

ದೂರು ಹೋಗೋ ದಾರಿ ಕೇಳಿ ನಾನು ನಕ್ಕಿದ್ದೇ ನಕ್ಕಿದ್ದು. ಇಲ್ಲಿನ ಹುಡುಗಿ ಫೋನ್ ಮಾಡಬೇಕು. ಇವಳು ತಮಿಳಿನಲ್ಲಿ ಬರೆದುಕೊಂಡು ಯುರೋಪಿಗೆ ಕಳಿಸಬೇಕು. ಅವರು ಅಲ್ಲಿ ಬಟ್ಟೆ ಮಾರೋ ಕಂಪನಿಯನ್ನ ಹಿಡಿದು ಕೇಳಬೇಕು. ಆ ಕಂಪನಿ ತಿರುಪ್ಪೂರಿನ ಎಕ್ಸ್‌ಪೋರ್ಟರಿಗೆ ಕಾಗದ ಬರೆಯಬೇಕು. ಅವನು ಬಂದು, ಅವನಿಗೆ ಬಟ್ಟೆ ಹೊಲಿಸಿಕೊಡೋ ಇಲ್ಲಿನ ಶೆಡ್ಡಿನವನನ್ನ ಬಯ್ಯಬೇಕು. "ಅಲ್ವೇ, ಪಕ್ಕದ ಬೀದಿಗೆ ಹೋಗೋಕೆ ವಿಮಾನ ಹತ್ತಿದ ಹಾಗಾಯ್ತಲ್ಲೇ!" ಅಂತ ದಿನಾ ರೇಗಿಸ್ತಿದ್ದೆ.

ಹೋದ ವರ್ಷ ಮಾಸಿ ತಿಂಗಳಲ್ಲಿ, ಶಿವರಾತ್ರಿ ಹೊತ್ತಿಗೆ, ಒಂದು ದಿನ ಇವಳು ಆಫೀಸಿನಿಂದ ಬಂದವಳು ಕೈಕಾಲು ತೊಳೆಯದೆ ಹಾಗೇ ಕೂತಳು. ಕಾಫಿ ಕೊಟ್ಟರೂ ಮುಟ್ಟಲಿಲ್ಲ.

"ರೀ, ಬಸವನ ಶೆಡ್ಡಿನ ಹಿಂಬಾಗಿಲಿಗೆ ಹಾಕಿರೋ ಬೀಗ ನಮ್ಮಪ್ಪನ ಬೀಗ ಅಲ್ವಾ?" ಅಂದಳು.

ಬಸವರಾಜ ಅವಳ ತಮ್ಮ. ಅಮ್ಮ ಹೋದ ಮೇಲೆ ಇವಳೇ ತಾಯಿಯಾಗಿ ಸಾಕಿದ್ದು. ಕಾರಮಡೈಯಲ್ಲಿ ಅಪ್ಪನ ಬಾಳೆತೋಟದ ಅಂಚಿಗೆ ಶೆಡ್ ಹಾಕಿ, ತಿರುಪ್ಪೂರಿನ ಎಕ್ಸ್‌ಪೋರ್ಟರಿಗೆ ಟೀ ಶರ್ಟ್ ಹೊಲಿಸಿಕೊಡ್ತಾನೆ. ನಲವತ್ತೆರಡು ಹೆಣ್ಣುಮಕ್ಕಳು. ಮೂರು ವರ್ಷದ ಹಿಂದೆ ಹಿಂಬಾಗಿಲಿಂದ ಮಾಲು ಕಳುವಾದಾಗ, ಅಪ್ಪನ ಉಗ್ರಾಣಕ್ಕೆ ಹಾಕಿದ್ದ, ದಿಂಡಿಗಲ್ ಊರಿನ ಕಮ್ಮಾರರು ಕೈಯಲ್ಲೇ ಮಾಡಿದ ಬೀಗವನ್ನ ಇವಳೇ ಎಣ್ಣೆ ಬಿಟ್ಟು ಒರೆಸಿ ಕೊಟ್ಟಿದ್ದಳು. "ಇದನ್ನ ಯಾವನೂ ಒಡೆಯೋಕಾಗಲ್ಲ ಬಸವ," ಅಂತ ಹೆಮ್ಮೆಯಿಂದ ಬೇರೆ ಹೇಳಿದ್ದಳು.

"ಹೂಂ, ಅದೇ ಬೀಗ. ಯಾಕೆ?" ಅಂದೆ.

"ಮೊನ್ನೆ ಇಸ್ತ್ರಿ ಮೇಜಿನ ವೈರು ಹೊತ್ತಿಕೊಂಡು ಶೆಡ್ ತುಂಬ ಹೊಗೆಯಂತೆ. ಮುಂಬಾಗಿಲಲ್ಲಿ ಮಾಲಿನ ಮೂಟೆ. ಹಿಂಬಾಗಿಲಿಗೆ ಬೀಗ. ಕೀ ಇವನ ಜೇಬಲ್ಲಿ, ಇವನು ತಿರುಪ್ಪೂರಲ್ಲಿ. ಮೂಟೆ ಮೇಲೆ ಹತ್ತಿ ಹೊರಗೆ ಬಿದ್ದರಂತೆ."

ಯಾರು ಫೋನ್ ಮಾಡಿದ್ದು ಅಂತ ಕೇಳಿದೆ. ನನ್ನ ಮುಖ ನೋಡಿದಳು ಅಷ್ಟೇ. ಆ ಹುಡುಗಿಯ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ನನ್ನ ಹೇಡಿತನ ಹೇಳಿಬಿಡ್ತೀನಿ. "ಅದನ್ನ ಬರೀಬೇಡ ಕಣೇ," ಅಂದೆ. "ಯುರೋಪಿಗೆ ಗೊತ್ತಾದರೆ ಆರ್ಡರ್ ನಿಂತುಹೋಗುತ್ತೆ, ನಲವತ್ತೆರಡು ಮನೆ ಒಲೆ ಆರುತ್ತೆ. ಹತ್ತು ರೂಪಾಯಿ ಟಿಕೆಟ್ ತಗೊಂಡು ಹೋಗಿ ತಮ್ಮನಿಗೆ ಬಾಯಲ್ಲಿ ಹೇಳಬಾರದಾ? ಅಕ್ಕನ ಮಾತು ಮೀರ್ತಾನಾ?"

ಮಾರನೇ ದಿನ ಇಬ್ಬರೂ ಕಾರಮಡೈಗೆ ಹೋದೆವು. ಫೋನಿನ ಸುದ್ದಿ ಎತ್ತಲೇ ಇಲ್ಲ ಇವಳು. ಊಟಕ್ಕೆ ಕೂತಾಗ, "ಆ ಹಿಂಬಾಗಿಲ ಬೀಗ ತೆಗೆದುಬಿಡು ಬಸವ, ಬೆಂಕಿಗಿಂಕಿ ಬಿದ್ದರೆ ಏನು ಗತಿ," ಅಂದಳು.

ಅವನು ನಕ್ಕ. "ನೀನೇ ಕೊಟ್ಟ ಬೀಗ ಅಲ್ವಾಕ್ಕಾ? ಎರಡು ತುತ್ತು ಜಾಸ್ತಿ ಉಣ್ಣು, ಸೊರಗಿ ಹೋಗಿದ್ದೀಯ."

"ತಮಾಷೆ ಅಲ್ಲ ಕಣೋ."

ಆಗ ಅವನ ನಗು ನಿಂತಿತು. ತಟ್ಟೆಯಿಂದ ಕೈ ತೆಗೆದು ಕಿಟಕಿಯಾಚೆ ಶೆಡ್ಡಿನ ಕಡೆ ನೋಡಿದ. "ಯಾರಕ್ಕಾ ಹೇಳಿದ್ದು ನಿನಗೆ? ಆ ರಾಯಚೂರಿನವರಾ? ನಾಲ್ಕು ಜನ ಇದ್ದಾರೆ. ಯಾವಳು ಅಂತ ಹೇಳು ಸಾಕು, ನಾಳೆನೇ ಬಸ್ ಹತ್ತಿಸ್ತೀನಿ."

ಪದ್ಮಾಕ್ಷಿ ಮಾತು ಬದಲಾಯಿಸಿ ಮೊಸರು ಕೇಳಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತಳು. ನಾನು ಕೊಟ್ಟ ಬುದ್ಧಿಯಿಂದ ಆ ಹುಡುಗಿಯ ಕುತ್ತಿಗೆಗೇ ಬಂದಿತ್ತಲ್ಲ. ಸಮಾಧಾನ ಮಾಡೋ ಮುಖ ನನಗಿರಲಿಲ್ಲ.

ಆಫೀಸಿನಲ್ಲಿ ನಡೆದದ್ದನ್ನ ನಿವೇತಾ ಆಮೇಲೆ ನನಗೆ ಹೇಳಿದಳು. ದೂರಿನ ಫಾರಂನಲ್ಲಿ ದೂರು ಕೊಟ್ಟವರು ಅನ್ನೋ ಕಡೆ ಎಲ್ಲರೂ 'ಹೆಸರು ಬೇಡ' ಅಂತ ಬರೆಸ್ತಾರೆ. ಈ ಸಲವೂ ಹಾಗೇ ಬರೆದರೆ ಬಸವ ನಾಲ್ಕೂ ಹುಡುಗಿಯರನ್ನ ಓಡಿಸ್ತಾನೆ. ಸಿಟ್ಟು ತನ್ನ ಮೇಲೇ ಬರಲಿ ಅಂತ ಪದ್ಮಾಕ್ಷಿ ಅಲ್ಲಿ ತನ್ನ ಪೂರ್ತಿ ಹೆಸರು ಬರೆದಳಂತೆ. ಕಂಪನಿಗೂ ನಿಮಗೂ ಏನು ಸಂಬಂಧ ಅಂತ ಇದ್ದ ಕಡೆ, 'ಮಾಲೀಕನ ಅಕ್ಕ, ಬೀಗ ಕೊಟ್ಟವಳು' ಅಂತ ಬರೆದಳಂತೆ.

"ಅಮ್ಮಾ, ನೀವೇ ದೂರು ಕೊಟ್ಟರೆ ಈ ಕುರ್ಚಿಯಲ್ಲಿ ಕೂರೋ ಹಾಗಿಲ್ಲ. ನಿಯಮ," ಅಂದಳಂತೆ ನಿವೇತಾ, ಕಣ್ಣಲ್ಲಿ ನೀರು ತುಂಬಿಕೊಂಡು.

"ಗೊತ್ತಮ್ಮ," ಅಂತ ಹೆಡ್‌ಫೋನ್ ಕಳಚಿಟ್ಟು, ಅದರ ವೈರು ನೀಟಾಗಿ ಸುತ್ತಿಟ್ಟು ಬಂದುಬಿಟ್ಟಳು. ಆ ಗರಿಗರಿ ಸೀರೆಗಳು ಆಮೇಲೆ ಬೀರುವಿನಲ್ಲೇ ಉಳಿದವು.

ಆರು ವಾರ ಆಯ್ತು. ನಾನು ನಗ್ತಿದ್ದ ಆ ಸುತ್ತುದಾರಿಯಲ್ಲೇ ಹೋಗಿ ಬಂತು ಕಾಗದ. ಆರ್ಡರ್ ನಿಲ್ಲಲಿಲ್ಲ, ಹದಿನೈದು ದಿನ ಗಡುವು ಅಷ್ಟೇ. ಬಸವ ನಾಲ್ಕೇ ದಿನದಲ್ಲಿ ಬೀಗ ಕಿತ್ತು, ಒಳಗಿಂದ ತಳ್ಳಿದರೆ ತೆರೆಯೋ ಬಾಗಿಲು ಹಾಕಿಸಿದ. ರಾಯಚೂರಿನ ನಾಲ್ವರ ತಂಟೆಗೆ ಹೋಗಲಿಲ್ಲ. ಐದನೇ ದಿನ ಭಾನುವಾರ, ಬರ್ತೀನಿ ಅಂತ ಫೋನ್ ಮಾಡಿದ. ಇವಳು ಬೆಳಿಗ್ಗೆಯೇ ಎದ್ದು ಅವನಿಗೆ ಇಷ್ಟ ಅಂತ ಹುರುಳಿ ಬೇಯಿಸಿ ಸಾರು ಮಾಡಿದಳು.

ಬಂದವನು ಮೇಜಿನ ಮೇಲೆ ದಿಂಡಿಗಲ್ ಬೀಗ ಇಟ್ಟ. "ತಗೋ ನಿನ್ನ ಬೀಗ. ಎಕ್ಸ್‌ಪೋರ್ಟರ್ ಎಲ್ಲರ ಮುಂದೆ ಓದಿದ. ಮಾಲೀಕನ ಅಕ್ಕ ಅಂತೆ! ಒಂದು ಟೀ ಶರ್ಟಿಗೆ ನನಗೆ ಏನು ಕೊಡ್ತಾರೆ ಅಂತ ಆ ಯುರೋಪಿನವರು ಯಾವತ್ತಾದರೂ ಕೇಳಿದ್ದಾರಾ? ಬಾಗಿಲಿನ ಲೆಕ್ಕ ಮಾತ್ರ ಬೇಕು ಅವರಿಗೆ."

ಅದರಲ್ಲಿ ನ್ಯಾಯ ಇತ್ತು, ಇಲ್ಲ ಅನ್ನಲ್ಲ. ಆದರೂ ನನಗೆ ರೇಗಿತು. "ಅಲ್ಲಯ್ಯಾ, ಅಕ್ಕ ಊಟಕ್ಕೆ ಕೂತು ಹೇಳಿದಾಗ ಕಿವಿಗೆ ಬೀಳಲಿಲ್ಲ, ಕಂಡು ಕೇಳರಿಯದವರ ಕಾಗದ ಬಂದ ತಕ್ಷಣ ಬಾಗಿಲು ತೆರೆದುಬಿಟ್ಟೆಯಲ್ಲ?" ಅಂದೆ.

"ಏನ್ ಮಾಡಲಿ ಬಾವ," ಅಂದ ಅವನು, ಎಷ್ಟು ಸಲೀಸಾಗಿ ಅಂದ ಅಂತೀರಿ. "ಅವರ ಮಾತು ಕೇಳದಿದ್ದರೆ ಆರ್ಡರ್ ಹೋಗುತ್ತೆ. ಅಕ್ಕನ ಮಾತು ಕೇಳದಿದ್ದರೂ ಅಕ್ಕ ಊಟ ಹಾಕ್ತಾಳೆ."

ಹಾಗಂದು ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದು, ಯಾವಾಗಲೂ ಕೂರೋ ಜಾಗದಲ್ಲಿ ಬಂದು ಕೂತ. ಪದ್ಮಾಕ್ಷಿ ಬೀಗ ಎತ್ತಿಕೊಂಡು ಸೆರಗಿನಲ್ಲಿ ಒರೆಸುತ್ತಾ ನಿಂತೇ ಇದ್ದಳು, ಬಡಿಸೋಕೆ ಅಡುಗೆಮನೆ ಕಡೆ ಹೆಜ್ಜೆ ಇಡಲಿಲ್ಲ. ಅವನು ಕಾದ. ನಾನೂ ಕಾದೆ. ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಅರ್ಥವಾಯಿತು. "ಬರ್ತೀನಕ್ಕಾ," ಅಂದ, ಚಪ್ಪಲಿ ಮೆಟ್ಟಿಕೊಂಡು ಹೋದ.

ನಾನು ಅಡುಗೆಮನೆಗೆ ಹೋಗಿ ನೋಡಿದೆ. ಹುರುಳಿ ಸಾರು ಒಲೆ ಮೇಲೆ ಬಿಸಿಯಾಗಿಯೇ ಇತ್ತು, ಪಕ್ಕದಲ್ಲಿ ಮೂರು ತಟ್ಟೆ ತೊಳೆದಿಟ್ಟಿದ್ದಳು.